ಸ್ಪ್ಯಾನಿಷ್ ಕಲಿಯುವಾಗ ಕೈ ಹಿಡಿದ ‘ಇರು’

ಸ್ಪ್ಯಾನಿಷ್ ಕಲಿಯಲು ಕೂತಾಗ ನನಗೆ ಸಿಕ್ಕಿದ ಪಾಠಗಳೆಲ್ಲ ಇಂಗ್ಲಿಷ್ ಮಾತಾಡುವವರಿಗೆ ಅಂತ ಬರೆದವು. ಮೊದಲ ವಾರವೇ ‘ಮೆ ಗುಸ್ತಾ ಎಲ್ ಕಫೆ’ ಬಂತು. ‘ನನಗೆ ಕಾಫಿ ಇಷ್ಟ’, ಅಷ್ಟೆ. ಇದಕ್ಕೆ ಒಂದು ಪುಟ ವಿವರಣೆ! ‘ಐ ಲೈಕ್’ ಅನ್ನುವವರಿಗೆ ಬೇಕೇನೋ, ನಾನು ‘ಮೆ’ ಅಂದರೆ ‘ನನಗೆ’ ಅಂತ ಬರೆದುಕೊಂಡು ಮುಂದೆ ಹೋದೆ. ‘ತೂ’ ನೀನು, ‘ಉಸ್ತೆದ್’ ನೀವು. ಇದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ.

ಸಿಕ್ಕಿಬಿದ್ದಿದ್ದು ಸೆರ್ ಮತ್ತು ಎಸ್ತಾರ್ ಹತ್ತಿರ. ಇಂಗ್ಲಿಷಿನ ‘ಈಸ್’ ಒಂದೇ, ಇಲ್ಲಿ ಎರಡು. ಶಾಶ್ವತವಾದದ್ದಕ್ಕೆ ಸೆರ್, ಸದ್ಯದ್ದಕ್ಕೆ ಎಸ್ತಾರ್ ಅಂತ ಪಾಠ ಹೇಳುತ್ತೆ. ಆದರೆ ಮಾದ್ರಿದ್ ಸ್ಪೇನಿನಲ್ಲಿದೆ ಅನ್ನೋಕೆ ಎಸ್ತಾರ್ ಬೇಕು, ಊರೇನು ನಾಳೆ ಎದ್ದು ಹೋಗುತ್ತಾ? ಸತ್ತವರಿಗೂ ‘ಎಸ್ತಾ ಮ್ವೆರ್ತೊ’. ಅದಕ್ಕಿಂತ ಶಾಶ್ವತ ಇನ್ನೇನಿದೆ ಹೇಳಿ!

ಕ್ಲಾಸಲ್ಲಿ ಒಂದು ದಿನ ಬೋರ್ ಆಗ್ತಿದೆ ಅನ್ನೋಕೆ ಹೋಗಿ ‘ಸೊಯ್ ಅಬುರ್ರಿದೊ’ ಅಂದೆ. ನಾನೇ ಬೋರು ಹೊಡೆಸುವ ಮನುಷ್ಯ ಅಂತಾಯ್ತು. ಎಲ್ಲರೂ ನಕ್ಕರು. ‘ಸೊಯ್’ ಸೆರ್‌ನ ರೂಪ, ಎಸ್ತಾರ್‌ನ ‘ಎಸ್ತೊಯ್’ ಹಾಕಿ ‘ಎಸ್ತೊಯ್ ಅಬುರ್ರಿದೊ’ ಅನ್ನಬೇಕಿತ್ತು. ಮನೆಗೆ ಬರುವಾಗ ಸುಮ್ನೆ ಕನ್ನಡದಲ್ಲಿ ಹೇಳಿ ನೋಡಿದೆ: ‘ಬೇಜಾರಾಗಿದೆ’. ಅರೆ, ‘ಇದೆ’ ಅಲ್ಲೇ ಕೂತಿದೆಯಲ್ಲ! ‘ನಾನು ಎಂಜಿನಿಯರ್’, ‘ಇದು ಪುಸ್ತಕ’ ಅನ್ನುವಾಗ ನಾವು ಕ್ರಿಯಾಪದವನ್ನೇ ಹಾಕಲ್ಲ, ಅಲ್ಲೆಲ್ಲ ಸೆರ್. ‘ಚೆನ್ನಾಗಿದ್ದೀನಿ’, ‘ಮನೇಲಿದ್ದೀನಿ’, ‘ಬಾಗಿಲು ತೆರೆದಿದೆ’ ಅಂತ ‘ಇರು’ ಬಂದರೆ ಎಸ್ತಾರ್. ಕೆಲಸ ಮಾಡ್ತಾ ಇದ್ದೀನಿ ಅನ್ನೋಕೂ ಅದೇ, ‘ಎಸ್ತೊಯ್ ತ್ರಬಹಾಂದೊ’. ಎಲ್ಲ ಕಡೆ ನಡೆಯಲ್ಲ ಅನ್ನಿ. ‘ಎರಡು ಕುರ್ಚಿ ಇವೆ’ ಅಂದರೆ ‘ಆಯ್’ ಅನ್ನೋ ಬೇರೆ ಪದ, ಪಾರ್ಟಿ ನಮ್ಮನೇಲಿದೆ ಅಂದರೆ ಮತ್ತೆ ಸೆರ್. ಆದರೂ ಶಾಶ್ವತ, ಸದ್ಯ ಅಂತ ಲೆಕ್ಕ ಹಾಕೋದಕ್ಕಿಂತ ಇದರಿಂದಲೇ ನನ್ನ ತಪ್ಪು ಜಾಸ್ತಿ ಕಮ್ಮಿಯಾಯ್ತು.

ಪದಗಳ ವಿಷಯದಲ್ಲಿ ಇಂಗ್ಲಿಷ್ ನೆರವಾಯ್ತು, ಸುಳ್ಳು ಹೇಳಲ್ಲ. ಸ್ಟೇಷನ್ ‘ಎಸ್ತಸ್ಯೋನ್’, ಇನ್ಫರ್ಮೇಷನ್ ‘ಇನ್‌ಫೊರ್ಮಸ್ಯೋನ್’, ಹೀಗೆ ಕೊನೆಯಾಗುವ ಪದಗಳು ಹೆಚ್ಚುಕಮ್ಮಿ ಎಲ್ಲ ಸ್ತ್ರೀಲಿಂಗ. ಮೋಸವೂ ಇದೆ: ‘ಎಂಬರಸಾದಾ’ ಅಂದರೆ ಮುಜುಗರ ಅಲ್ಲ, ಗರ್ಭಿಣಿ.

ಲಿಂಗಕ್ಕೆ ಮಾತ್ರ ಕನ್ನಡದ ನೆರವೂ ಇಲ್ಲ, ಇಂಗ್ಲಿಷಿನದೂ ಇಲ್ಲ. ಮೇಜು ಹೆಣ್ಣು, ಕನ್ನಡಿ ಗಂಡು ಅಂದರೆ ಯಾರು ನಂಬ್ತಾರೆ? ಮನೆಯ ಸಾಮಾನಿಗೆಲ್ಲ ಚೀಟಿ ಅಂಟಿಸಿದೆ, ಬರೀ ‘ಮೇಸಾ’ ಅಂತಲ್ಲ, ಹೆಣ್ಣಿಗೆ ‘ಲಾ’, ಗಂಡಿಗೆ ‘ಎಲ್’ ಸೇರಿಸಿ ಮೇಜಿಗೆ ‘ಲಾ ಮೇಸಾ’, ಕನ್ನಡಿಗೆ ‘ಎಲ್ ಎಸ್ಪೆಹೊ’ ಅಂತ ಜೋಡಿಯಾಗಿ. ಕೈಗೆ ಚೀಟಿ ಅಂಟಿಸೋಕಾಗಲ್ಲ ಅಲ್ವಾ, ‘ಲಾ ಮಾನೊ’ ಇವತ್ತಿಗೂ ನನ್ನ ಬಾಯಲ್ಲಿ ‘ಎಲ್ ಮಾನೊ’ ಅಂತಲೇ ಬರುತ್ತೆ.