ತೆರೆದ ಹಾಲ್‌ನಲ್ಲಿ ಟಿವಿಗೆ ಸೀಲಿಂಗ್ ಸ್ಪೀಕರ್: ವ್ಯಾಟ್ ಆಮೇಲೆ, ಕೋನ ಮೊದಲು

ಸೀಲಿಂಗ್ ಸ್ಪೀಕರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ವ್ಯಾಟ್, ಎಷ್ಟು ಇಂಚು ಅಂತ. ಬರೀ ಹಾಡು ಕೇಳುವುದಕ್ಕಾದರೆ ಆ ಪ್ರಶ್ನೆ ಸಾಕು. ಟಿವಿಗೆ ಸಾಲದು. ಪರದೆಯಲ್ಲಿ ಮುಖ ಎದುರಿಗಿದ್ದು ಮಾತು ನೆತ್ತಿಯ ಮೇಲಿಂದ ಬಂದರೆ, ಎಷ್ಟೇ ಒಳ್ಳೆಯ ಸ್ಪೀಕರ್ ಆದರೂ ಎರಡು ದಿನಕ್ಕೇ ಕಿರಿಕಿರಿ ಶುರುವಾಗುತ್ತದೆ. ಹಾಲ್, ಊಟದ ಜಾಗ, ಅಡುಗೆಮನೆ ಎಲ್ಲ ಒಂದೇ ಆಗಿರುವ ಕಡೆ ಇನ್ನೆರಡು ತೊಡಕುಗಳಿವೆ. ಬಾಸ್ (ದಪ್ಪನೆಯ ತಗ್ಗು ಸದ್ದು) ಒಂದು ಕಡೆ ನಿಲ್ಲುವುದಿಲ್ಲ, ಸೋಫಾದ ಹಿಂದೆ ಸರೌಂಡ್ ಸ್ಪೀಕರ್ (ಸುತ್ತಲಿನ ಸದ್ದು ಕೊಡುವಂಥದ್ದು) ಹಾಕಲು ಗೋಡೆಯೇ ಇರುವುದಿಲ್ಲ.

ಹಾಗಾಗಿ ನಮ್ಮ ಮೊದಲ ಸಲಹೆ ಸ್ವಲ್ಪ ನಿರಾಸೆ ತರಬಹುದು. ಟಿವಿ ಇರುವ ಗೋಡೆಯಲ್ಲಿ ಅಥವಾ ಅದರ ಕೆಳಗಿನ ಕ್ಯಾಬಿನೆಟ್‌ನಲ್ಲಿ ಜಾಗವಿದ್ದರೆ, ಮುಂಭಾಗದ ಎಡ, ಬಲ, ಸೆಂಟರ್ ಎಂಬ ಮೂರು ಸ್ಪೀಕರ್‌ಗಳನ್ನು, ಕಡೇಪಕ್ಷ ಮಾತು ಬರುವ ಸೆಂಟರ್ ಸ್ಪೀಕರನ್ನಾದರೂ, ಅಲ್ಲೇ ಇಡಿ. ಸೋಫಾದ ಹಿಂದಿನ ಸರೌಂಡ್‌ಗೆ ಮತ್ತು ಅಡುಗೆಮನೆಗೆ ಮಾತ್ರ ಸೀಲಿಂಗ್ ಬಳಸಿ. ಅದು ಸಾಧ್ಯವೇ ಇಲ್ಲ, ಎಲ್ಲವೂ ಮೇಲೆಯೇ ಹೋಗಬೇಕು ಅಂದರೆ ಕೆಳಗಿನ ಲೆಕ್ಕ ಮಾಡದೆ ಏನನ್ನೂ ಕೊಳ್ಳಬೇಡಿ.

ಟೇಪ್ ಹಿಡಿದು ಮೂರು ಅಳತೆ ತೆಗೆದುಕೊಳ್ಳಿ: ನೆಲದಿಂದ ಸೀಲಿಂಗ್ ಎತ್ತರ, ಕುಳಿತಾಗ ಕಿವಿಯ ಎತ್ತರ, ಟಿವಿ ಗೋಡೆಯಿಂದ ತಲೆಗಿರುವ ದೂರ. ಸೀಲಿಂಗ್ 2.7 ಮೀಟರ್, ಕಿವಿ 1 ಮೀಟರ್, ದೂರ 3.5 ಮೀಟರ್ ಎಂದಿಟ್ಟುಕೊಳ್ಳಿ. ಟಿವಿ ಗೋಡೆಯಿಂದ 60 ಸೆಂ.ಮೀ. ಈಚೆಗೆ ಸ್ಪೀಕರ್ ಕೂರಿಸಿದರೆ ಕಿವಿಗೂ ಅದಕ್ಕೂ ಅಡ್ಡ ಅಂತರ 2.9 ಮೀಟರ್, ಎತ್ತರದ ವ್ಯತ್ಯಾಸ 1.7 ಮೀಟರ್. ಅಂದರೆ ಸದ್ದು ಸುಮಾರು 30 ಡಿಗ್ರಿ ಮೇಲಿನಿಂದ ಬರುತ್ತದೆ. ಇದನ್ನು ಕಿವಿ ಒಪ್ಪಿಕೊಳ್ಳುತ್ತದೆ, ಪರದೆ ದೊಡ್ಡದಿದ್ದರೆ ಕಣ್ಣೂ ಸಹಾಯ ಮಾಡುತ್ತದೆ. ಅದೇ ಸ್ಪೀಕರನ್ನು ಗೋಡೆಗೂ ಸೋಫಾಕ್ಕೂ ನಟ್ಟನಡುವೆ ಹಾಕಿದರೆ ಕೋನ 44 ಡಿಗ್ರಿಗೆ ಏರುತ್ತದೆ. ಆಗ ಮಾತು ಪರದೆಯಿಂದ ಕಳಚಿಕೊಂಡು ಮೇಲೆ ತೇಲುತ್ತದೆ. ಲೈಟ್‌ಗಳ ಸಾಲಿಗೆ ಚೆಂದವಾಗಿ ಹೊಂದಲಿ ಎಂದು ಸ್ಪೀಕರನ್ನು ನಡುವಿಗೆ ಎಳೆಯುವುದು ಈ ಕೆಲಸದಲ್ಲಿ ಅತಿ ಹೆಚ್ಚು ಕಾಣುವ ತಪ್ಪು.

ಈಗ ಇದೇ ಲೆಕ್ಕದ ಇನ್ನೊಂದು ಮಗ್ಗುಲು. ಸಾಮಾನ್ಯ ಸೀಲಿಂಗ್ ಸ್ಪೀಕರ್ ನೆಟ್ಟಗೆ ನೆಲ ನೋಡುತ್ತದೆ. ಗೋಡೆಯ ಹತ್ತಿರ ಹಾಕಿದರೆ ನಿಮ್ಮ ಕಿವಿ ಅದರ ನೇರದಿಂದ 60 ಡಿಗ್ರಿ ಆಚೆ ಬೀಳುತ್ತದೆ. ಅಷ್ಟು ಪಕ್ಕಕ್ಕೆ ಟ್ವೀಟರಿನ (ಸ್ಪೀಕರಿನಲ್ಲಿ ತೆಳು, ಏರು ಸದ್ದು ಕೊಡುವ ಪುಟ್ಟ ಭಾಗ) ಸದ್ದು ಬಹಳ ಇಳಿದಿರುತ್ತದೆ. ಸ, ಶ, ತ, ಚ ಅಕ್ಷರಗಳು ಮಂಕಾಗಿ, ವಾಲ್ಯೂಮ್ ಏರಿಸಿದರೂ ಮಾತು ಬಿಡಿಸಿ ಕೇಳುವುದಿಲ್ಲ. ಇದಕ್ಕೆ ಎರಡು ಪರಿಹಾರ ಮಾರುಕಟ್ಟೆಯಲ್ಲಿವೆ. ತಿರುಗಿಸಬಹುದಾದ ಟ್ವೀಟರ್ ಇರುವ ಮಾದರಿ ಅಗ್ಗ, ಆದರೆ ತಿರುಗುವುದು ಟ್ವೀಟರ್ ಮಾತ್ರ, ವೂಫರ್ (ತಗ್ಗು ಮತ್ತು ನಡು ಸದ್ದು ಕೊಡುವ ದೊಡ್ಡ ಭಾಗ) ನೆಲವನ್ನೇ ನೋಡುತ್ತಿರುತ್ತದೆ. ಮಾತಿನ ಬಹುಪಾಲು ಬರುವುದು ವೂಫರ್‌ನಿಂದಲೇ, ಆದ್ದರಿಂದ ಇದು ಅರ್ಧ ಪರಿಹಾರ. ವೂಫರ್, ಟ್ವೀಟರ್ ಎರಡನ್ನೂ ಚೌಕಟ್ಟಿನೊಳಗೆ 15ರಿಂದ 30 ಡಿಗ್ರಿ ಓರೆಯಾಗಿ ಕೂರಿಸಿದ ಮಾದರಿ ನಿಜವಾದ ಪರಿಹಾರ. ಮೇಲಿನ ಉದಾಹರಣೆಯಲ್ಲಿ 30 ಡಿಗ್ರಿ ಓರೆ ಇದ್ದರೆ 60 ಇದ್ದದ್ದು 30ಕ್ಕೆ ಇಳಿಯುತ್ತದೆ. ಮುಂದಿನ ಮೂರಕ್ಕೂ ಇದೇ ಬೇಕು, ಮೂರೂ ಒಂದೇ ಮಾದರಿಯಾಗಿರಬೇಕು. ಅಡುಗೆಮನೆಗೆ ನೆಟ್ಟಗಿನದೇ ಸಾಕು.

ವೂಫರಿನ ಅಳತೆಯ ವಿಷಯದಲ್ಲಿ 8 ಇಂಚು ಕಂಡರೆ ಆಸೆಯಾಗುವುದು ಸಹಜ. ಮಾತಿಗೆ 6.5 ಇಂಚೇ ಮೇಲು ಎನ್ನುತ್ತೇವೆ. 2,000 ಹರ್ಟ್ಸ್ ಸದ್ದಿನ ತರಂಗದ ಉದ್ದ ಸುಮಾರು 17 ಸೆಂ.ಮೀ. ಕೋನ್‌ನ (ವೂಫರಿನಲ್ಲಿ ಅದುರುವ ಬಟ್ಟಲು) ಅಗಲ ಅದಕ್ಕೆ ಸಮನಾಗುತ್ತಿದ್ದಂತೆ ಸದ್ದು ಹರಡದೆ ಟಾರ್ಚಿನ ಬೆಳಕಿನಂತೆ ಕಿರಿದಾಗುತ್ತದೆ. 8 ಇಂಚಿನದರಲ್ಲಿ ಇದು ಇನ್ನೂ ಬೇಗ, ಮಾತಿನ ನಡುಭಾಗದಲ್ಲೇ ಶುರುವಾಗುತ್ತದೆ. ಅದು ಹೆಚ್ಚಾಗಿ ಕೊಡುವ ಬಾಸ್ ಅನ್ನು ಬಾಸ್‌ಗೆಂದೇ ಇರುವ ಪ್ರತ್ಯೇಕ ಸ್ಪೀಕರ್, ಅಂದರೆ ಸಬ್‌ವೂಫರ್, ಹೇಗೂ ಕೊಡುತ್ತದೆ.

ವ್ಯಾಟ್‌ಗೆ ಬಂದರೆ, ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಸಂಖ್ಯೆ ಸ್ಪೀಕರ್ ತಡೆದುಕೊಳ್ಳುವ ಮಿತಿ ಅಷ್ಟೇ, ಅದು ಎಷ್ಟು ಜೋರು ಎಂಬುದಲ್ಲ. ನೋಡಬೇಕಾದ್ದು ಸೆನ್ಸಿಟಿವಿಟಿ, ಅಂದರೆ 1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಎಂಬುದು. ಪ್ರತಿ 3 ಡೆಸಿಬಲ್ ಕೊರತೆಗೆ ಆಂಪ್ಲಿಫೈಯರ್ ಎರಡರಷ್ಟು ಶಕ್ತಿ ಕೊಡಬೇಕು. ಸುಮಾರು 3.4 ಮೀಟರ್ ದೂರದ ಕಿವಿಗೆ 95 ಡೆಸಿಬಲ್ ಗರಿಷ್ಠ ತಲುಪಲು, ಗೋಡೆಗಳ ಸಹಾಯ ಲೆಕ್ಕಕ್ಕೆ ಹಿಡಿಯದೆ, 88 ಡೆಸಿಬಲ್‌ನ ಒಂದು ಸ್ಪೀಕರಿಗೆ 55 ವ್ಯಾಟ್ ಚಿಲ್ಲರೆ ಬೇಕು. 85 ಡೆಸಿಬಲ್‌ನದಕ್ಕೆ 110ರ ಮೇಲೆ, 91 ಡೆಸಿಬಲ್‌ನದಕ್ಕೆ 30ರೊಳಗೆ. 88ಕ್ಕಿಂತ ಕೆಳಗಿನದನ್ನು ತೆರೆದ ಹಾಲ್‌ಗೆ ತರಬೇಡಿ.

ಸಬ್‌ವೂಫರ್ ಇಲ್ಲದೆ ಈ ಏರ್ಪಾಡು ಪೂರ್ತಿಯಾಗುವುದಿಲ್ಲ. ಅಡುಗೆಮನೆ, ಮೆಟ್ಟಿಲು, ಓಣಿ ಎಲ್ಲವನ್ನೂ ಸೇರಿಸಿದ ಜಾಗವನ್ನು ಬಾಸ್ ತುಂಬಬೇಕಾಗುತ್ತದೆ, ಅದು ಸೀಲಿಂಗ್ ಸ್ಪೀಕರಿನ ಕೈಯಲ್ಲಿ ಆಗದು. ರಿಸೀವರ್‌ನಲ್ಲಿ (ಎಲ್ಲ ಸ್ಪೀಕರ್‌ಗಳಿಗೂ ಸದ್ದು ಹಂಚುವ ಆಂಪ್ಲಿಫೈಯರ್) ಸ್ಪೀಕರ್‌ಗಳನ್ನು ‘ಸ್ಮಾಲ್’ ಎಂದು ಕೊಟ್ಟು ಕ್ರಾಸ್‌ಓವರ್, ಅಂದರೆ ಯಾವ ಮಟ್ಟಕ್ಕಿಂತ ಕೆಳಗಿನ ಸದ್ದು ಸಬ್‌ವೂಫರ್‌ಗೆ ಹೋಗಬೇಕೆಂಬ ಗಡಿ, 80ರಿಂದ 100 ಹರ್ಟ್ಸ್‌ಗೆ ಇಡಿ. ಇದರಿಂದ ಇನ್ನೊಂದು ಲಾಭ: ಸೀಲಿಂಗ್ ಬೋರ್ಡ್ ನಡುಗುವುದು, ಲೈಟ್ ಫಿಟಿಂಗ್ ಗಿಜಿಗುಟ್ಟುವುದು ಬಹುಮಟ್ಟಿಗೆ ನಿಲ್ಲುತ್ತದೆ.

ಅಡುಗೆಮನೆಯ ಸ್ಪೀಕರ್‌ಗಳಲ್ಲಿ ಎಡವುವವರು ಹೆಚ್ಚು. ಮುಂದಿನ ಎಡ-ಬಲ ಸ್ಪೀಕರ್‌ಗಳ ವೈರನ್ನೇ ಕವಲೊಡೆದು ಅಲ್ಲಿಗೆ ಎಳೆದರೆ ಎರಡು ಅನಾಹುತ. 8 ಓಮ್‌ನ (ಓಮ್ ಅಂದರೆ ವಿದ್ಯುತ್ ರೋಧದ ಅಳತೆ) ಎರಡು ಸ್ಪೀಕರ್ ಸಮಾನಾಂತರವಾಗಿ ಸೇರಿದರೆ 4 ಓಮ್, ಮೂರು ಸೇರಿದರೆ 2.7 ಓಮ್, ರೋಧ ಇಳಿದಷ್ಟೂ ಹೊರೆ ಏರಿ ರಿಸೀವರ್ ಬಿಸಿಯಾಗಿ ತಾನೇ ಆಫ್ ಆಗಬಹುದು. ಎರಡನೆಯದನ್ನು ಯಾರೂ ಮೊದಲೇ ಊಹಿಸುವುದಿಲ್ಲ: ಸೆಂಟರ್ ಸ್ಪೀಕರ್ ಇರುವ ಏರ್ಪಾಡಿನಲ್ಲಿ ಮಾತೆಲ್ಲ ಸೆಂಟರ್‌ಗೆ ಹೋಗಿರುತ್ತದೆ, ಅಡುಗೆಮನೆಗೆ ಹಿನ್ನೆಲೆ ಸಂಗೀತವಷ್ಟೇ ಸಿಗುತ್ತದೆ. ಅಲ್ಲಿಗೆ ಬೇಕಾದ್ದು ಎಲ್ಲ ಚಾನೆಲ್ ಸೇರಿಸಿ ಎರಡಕ್ಕಿಳಿಸಿದ ಸ್ಟೀರಿಯೋ. ರಿಸೀವರಿನ ‘ಝೋನ್ 2’ (ಇನ್ನೊಂದು ಜಾಗಕ್ಕೆ ಬೇರೆಯಾಗಿ ಸದ್ದು ಕಳಿಸುವ ಸೌಲಭ್ಯ) ಅದನ್ನು ಕೊಡುತ್ತದೆಯೇ, ಟಿವಿಯಿಂದ ಎಚ್‌ಡಿಎಂಐ ಮೂಲಕ ಬರುವ ಸದ್ದಿಗೂ ಕೊಡುತ್ತದೆಯೇ ಎಂದು ಕೊಳ್ಳುವ ಮುಂಚೆ ಕೈಪಿಡಿ ತೆರೆದು ನೋಡಿ. ಎಲ್ಲ ಮಾದರಿಗಳೂ ಕೊಡುವುದಿಲ್ಲ. ಝೋನ್ 2ರ ಸದ್ದು ಹಾಲ್‌ನ ಸದ್ದಿಗಿಂತ ತುಸು ಹಿಂದುಮುಂದಾಗಿ ಬಂದರೆ ತೆರೆದ ಜಾಗದಲ್ಲಿ ಅದು ಪ್ರತಿಧ್ವನಿಯಂತೆ ಕೇಳುತ್ತದೆ, ಆದ್ದರಿಂದ ಡಿಲೇ (ಸದ್ದನ್ನು ತುಸು ತಡಮಾಡುವುದು) ಹೊಂದಿಸುವ ಸೌಲಭ್ಯವಿದ್ದರೆ ಒಳ್ಳೆಯದು. ಹೊಂದಿಸುವಾಗ ಈ ಲೆಕ್ಕ ನೆನಪಿಡಿ: ಸದ್ದು 1 ಮೀಟರ್ ಸಾಗಲು ಸುಮಾರು 2.9 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಒಂದೇ ಸ್ಪೀಕರಿಗೆ ಜಾಗವಿದ್ದರೆ ಎರಡು ಟ್ವೀಟರ್, ಎರಡು ವಾಯ್ಸ್ ಕಾಯಿಲ್ (ಕೋನನ್ನು ಅಲುಗಿಸುವ ತಂತಿ ಸುರುಳಿ) ಇರುವ ಸಿಂಗಲ್ ಸ್ಟೀರಿಯೋ ಮಾದರಿ ತನ್ನಿ. ಒಲೆಯ ನೇರ ಮೇಲೆ ಹಾಕಬೇಡಿ, ಜಿಡ್ಡು ಕೋನ್ ಮೇಲೆ ಕೂರುತ್ತದೆ. ಸೀಲಿಂಗ್ ಫ್ಯಾನಿನ ರೆಕ್ಕೆಗೆ ಹತ್ತಿರವೂ ಬೇಡ, ತಿರುಗುವ ರೆಕ್ಕೆ ಸದ್ದನ್ನು ಕತ್ತರಿಸಿ ನಡುಗಿಸುತ್ತದೆ.

ಟಿವಿಯಿಂದ ರಿಸೀವರ್‌ಗೆ ಇ-ಆರ್ಕ್ (ಟಿವಿಯ ಸದ್ದನ್ನು ಅದೇ ಕೇಬಲ್‌ನಲ್ಲಿ ರಿಸೀವರ್‌ಗೆ ಕಳಿಸುವ ಸೌಲಭ್ಯ) ಇರುವ ಎಚ್‌ಡಿಎಂಐ ಉತ್ತಮ. ಆಪ್ಟಿಕಲ್ ಕೇಬಲ್ ಕೂಡ ನಡೆಯುತ್ತದೆ, 5.1ಕ್ಕಿಂತ (ಐದು ಸ್ಪೀಕರ್, ಒಂದು ಸಬ್‌ವೂಫರ್) ಹೆಚ್ಚು ಅದರಲ್ಲಿ ಬರದು. ಅಂದಹಾಗೆ ಮುಂದಿನ ಮೂರೂ ಸೀಲಿಂಗ್‌ನಲ್ಲೇ ಇದ್ದರೆ ಅಟ್ಮಾಸ್‌ಗೆಂದು (ಮೇಲಿನಿಂದಲೂ ಸದ್ದು ಬರಿಸುವ ವಿಧಾನ) ಇನ್ನೂ ಎರಡು ತೂತು ಕೊರೆಯುವುದು ದಂಡ, ಎಲ್ಲವೂ ಮೇಲಿಂದಲೇ ಬರುವಾಗ ಮೇಲಿನದೆಂಬ ವ್ಯತ್ಯಾಸವೇ ಉಳಿಯುವುದಿಲ್ಲ.

ವೈರ್ ಶುದ್ಧ ತಾಮ್ರದ್ದೇ ಆಗಿರಲಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅಗ್ಗ, ಆದರೆ ರೋಧ ಹೆಚ್ಚು, ಬೇಗ ಮುರಿಯುತ್ತದೆ. 8 ಓಮ್ ಸ್ಪೀಕರಿಗೆ 15 ಮೀಟರ್‌ವರೆಗೆ 1.5 ಚದರ ಮಿ.ಮೀ., 25 ಮೀಟರ್‌ವರೆಗೆ 2.5 ಚದರ ಮಿ.ಮೀ. ಸಾಕು, ಎರಡರಲ್ಲೂ ಹೋಗಿಬರುವ ರೋಧ ಸುಮಾರು 0.35 ಓಮ್, ಅಂದರೆ 5 ಶೇಕಡಾದೊಳಗೆ. ಸೀಲಿಂಗ್ ಒಳಗೆ ಹಾಕಲು ಬೆಂಕಿ ಹರಡದ ಹೊದಿಕೆಯದ್ದನ್ನೇ ತನ್ನಿ. ಕರೆಂಟಿನ ವೈರಿಗೆ ಸಮಾನಾಂತರವಾಗಿ ಎಳೆಯುವುದಾದರೆ 30 ಸೆಂ.ಮೀ. ದೂರವಿಡಿ, ದಾಟಲೇಬೇಕಾದಲ್ಲಿ ಅಡ್ಡಕ್ಕೆ ನೇರವಾಗಿ ದಾಟಿಸಿ. ಪ್ರತಿ ತೂತಿನಲ್ಲಿ 1 ಮೀಟರ್ ಹೆಚ್ಚುವರಿ ಬಿಡಿ.

ಕೊರೆಯುವ ಮುಂಚೆ ಒಂದು ಪರೀಕ್ಷೆ. ಏಣಿಯ ಮೇಲೊಬ್ಬರು ನಿಂತು, ಗುರುತು ಹಾಕಿದ ಜಾಗದಲ್ಲೇ ಸ್ಪೀಕರನ್ನು ಸೀಲಿಂಗ್‌ಗೆ ಒತ್ತಿ ಹಿಡಿಯಲಿ, ಓರೆ ಮುಖ ಸೋಫಾದ ಕಡೆಗಿರಲಿ. ಕೆಳಗೆ ಕುಳಿತು ವಾರ್ತೆ ಹಾಕಿ. ಬಾಸ್ ಇರುವುದಿಲ್ಲ, ಅದನ್ನು ಲೆಕ್ಕಿಸಬೇಡಿ. ಓದುವವರ ಬಾಯಿಗೂ ಮಾತಿಗೂ ನಂಟು ಉಳಿದಿದೆಯೇ, ಕೊನೆಯ ಕುರ್ಚಿಯಲ್ಲೂ ಪದಗಳು ಬಿಡಿಯಾಗಿ ಕೇಳುತ್ತಿವೆಯೇ ಎಂಬುದಷ್ಟನ್ನೇ ಗಮನಿಸಿ. ಅರ್ಧ ಅಡಿ ಆಚೀಚೆ ಮಾಡಿದರೂ ವ್ಯತ್ಯಾಸ ತಿಳಿಯುತ್ತದೆ.

ಜಾಗ ಖಚಿತವಾದ ಮೇಲೆ ನಡುವಲ್ಲಿ ಬೆರಳು ಹೋಗುವಷ್ಟು ತೂತು ಮಾಡಿ, ಬಾಗಿಸಿದ ತಂತಿ ಆಡಿಸಿ ನೋಡಿ: ಕಬ್ಬಿಣದ ಪಟ್ಟಿ, ಪೈಪು, ವೈರ್ ತಗಲುತ್ತದೆಯೇ, ಸ್ಪೀಕರಿನ ಆಳಕ್ಕೆ ಜಾಗವಿದೆಯೇ. ಓರೆ ಮಾದರಿಗಳು ಸಾಮಾನ್ಯದ್ದಕ್ಕಿಂತ ಆಳವಾಗಿರುತ್ತವೆ. ತೂತಿಗೆ ಸ್ಪೀಕರ್ ಜೊತೆ ಬಂದ ಅಚ್ಚನ್ನೇ ಬಳಸಿ, ಜಾಲರಿಯ ಅಳತೆಯನ್ನಲ್ಲ. ಕ್ಲಾಂಪ್ ಸ್ಕ್ರೂಗಳನ್ನು ಡ್ರಿಲ್ಲಿನಿಂದ ಬಿಗಿಯಬೇಡಿ, ಜಿಪ್ಸಂ ಬೋರ್ಡ್ ಪುಡಿಯಾಗುತ್ತದೆ. ಮೇಲೆ ಮಲಗುವ ಕೋಣೆಯಿದ್ದರೆ ಹಿಂದೆ ಬ್ಯಾಕ್ ಬಾಕ್ಸ್ (ಸದ್ದು ಮೇಲೆ ಹೋಗದಂತೆ ಸ್ಪೀಕರಿನ ಬೆನ್ನು ಮುಚ್ಚುವ ಡಬ್ಬಿ) ಹಾಕಿ, ಬೆಂಕಿ ತಡೆಯುವ ಸೀಲಿಂಗ್ ಆಗಿದ್ದರೆ ಫೈರ್ ಹುಡ್ (ತೂತಿನ ಮೂಲಕ ಬೆಂಕಿ ಹರಡದಂತೆ ತಡೆಯುವ ಮುಚ್ಚಿಗೆ) ಕಡ್ಡಾಯ.

ಜಾಲರಿ ಮುಚ್ಚುವ ಮುಂಚೆ ಧ್ರುವ, ಅಂದರೆ ಪ್ಲಸ್-ಮೈನಸ್, ಸರಿಯಿದೆಯೇ ನೋಡಿ. ರಿಸೀವರ್ ಬದಿಯಲ್ಲಿ ವೈರ್ ಬಿಚ್ಚಿ, 1.5 ವೋಲ್ಟ್ ಬ್ಯಾಟರಿಯ ಪ್ಲಸ್ಸನ್ನು ಪ್ಲಸ್ ವೈರಿಗೆ, ಮೈನಸ್ಸನ್ನು ಮೈನಸ್ ವೈರಿಗೆ ಕ್ಷಣಮಾತ್ರ ಮುಟ್ಟಿಸಿದರೆ ಕೋನ್ ಹೊರಗೆ ಬರಬೇಕು. ಒಂದು ಒಳಗೆ ಹೋದರೆ ಅದರ ವೈರ್ ತಿರುಗಿದೆ. ಹಾಗೇ ಬಿಟ್ಟರೆ ಬಾಸ್ ತೆಳುವಾಗಿ, ನಡುವಿನ ಮಾತು ಎಲ್ಲಿಂದಲೋ ಬಂದಂತಿರುತ್ತದೆ. ಜಾಲರಿಗೆ ಸೀಲಿಂಗ್ ಬಣ್ಣ ಹೊಡೆಯುವುದಾದರೆ ಹಿಂಬದಿಯ ಬಟ್ಟೆ ಬಿಡಿಸಿಟ್ಟು ಸ್ಪ್ರೇಯಿಂದ ತೆಳುವಾಗಿ ಹೊಡೆಯಿರಿ. ಬ್ರಷ್ ಹಾಕಿದರೆ ತೂತು ಮುಚ್ಚಿಕೊಂಡು ಟ್ವೀಟರ್ ಸದ್ದು ಅಲ್ಲೇ ಸಾಯುತ್ತದೆ.