ಅಂಗಡಿಯ ಲೆಕ್ಕ ಕಂಪ್ಯೂಟರಿನಲ್ಲಿದೆಯೇ? ಹೀಗೆ ಕಾಪಾಡಿಕೊಳ್ಳಿ

ಇಳಕಲ್ಲಿನಲ್ಲಿ ನಾನು ಲೆಕ್ಕ ನೋಡುವ ಸೀರೆ ಅಂಗಡಿಯೊಂದಿದೆ. ಒಂದು ಸೋಮವಾರ ಬೆಳಿಗ್ಗೆ ಅಲ್ಲಿನ ದಿವಾಣಜಿ ಫೋನ್ ಮಾಡಿ, ‘ಸರ, ಟ್ಯಾಲಿ ಓಪನ್ ಆಗವಲ್ದು. ಫೈಲ್ ಹೆಸರೆಲ್ಲಾ ಬ್ಯಾರೆ ಆಗ್ಯಾವ’ ಎಂದರು. ಹೋಗಿ ನೋಡಿದರೆ ಫೈಲುಗಳಿಗೆಲ್ಲ ಯಾರೋ ಬೀಗ ಹಾಕಿದ್ದರು, ಪರದೆ ಮೇಲೆ ಅದನ್ನು ತೆಗೆಯಲು ದುಡ್ಡು ಕೇಳುವ ಚೀಟಿ. ಯಾರ ಮಗ್ಗಕ್ಕೆ ಎಷ್ಟು ರೇಷ್ಮೆ ಕೊಟ್ಟಿದೆ, ಯಾರಿಗೆ ಎಷ್ಟು ಮುಂಗಡ, ಯಾವ ಊರಿನಿಂದ ಎಷ್ಟು ಉದ್ರಿ ಬರಬೇಕು, ಎಲ್ಲವೂ ಟ್ಯಾಲಿ ಎಂಬ ಆ ಲೆಕ್ಕದ ಸಾಫ್ಟ್‌ವೇರಿನೊಳಗೇ ಇತ್ತು. ಬ್ಯಾಕಪ್ ಮಾಡಿದ್ದರು. ಆದರೆ ಆ ಪೆನ್‌ಡ್ರೈವ್ ಎರಡು ವರ್ಷದಿಂದ ಸಿಪಿಯುಗೆ ಸಿಕ್ಕಿಸಿದ್ದು ಹಾಗೇ ಇತ್ತು. ಅದಕ್ಕೂ ಬೀಗ ಬಿದ್ದಿತ್ತು. ನೇಕಾರರ ಮನೆಮನೆಗೆ ಹೋಗಿ ಲೆಕ್ಕ ಮತ್ತೆ ಬರೆದೆವು. ಒಬ್ಬ ಅಜ್ಜಿ ತಮ್ಮ ಕೂಲಿ ಪುಸ್ತಕವನ್ನು ದೇವರ ಜಗಲಿ ಮೇಲಿಂದ ತೆಗೆದುಕೊಟ್ಟರು. ಅಂಥ ಪುಸ್ತಕಗಳಿಂದಲೇ ಅಂಗಡಿ ಉಳಿಯಿತು.

ಮೊದಲು ಒಂದು ಹಾಳೆ ತೆಗೆದುಕೊಂಡು, ಕಳೆದುಹೋದರೆ ಅಥವಾ ಬೇರೆಯವರ ಕೈಗೆ ಸಿಕ್ಕರೆ ಕಷ್ಟವಾಗುವ ಮಾಹಿತಿ ಯಾವುದು, ಎಲ್ಲೆಲ್ಲಿದೆ ಎಂದು ಬರೆಯಿರಿ. ಟ್ಯಾಲಿ, ಜಿಎಸ್‌ಟಿ ಲಾಗಿನ್, ಗಿರಾಕಿಗಳ ನಂಬರ್, ನೇಕಾರರ ಆಧಾರ್ ಮತ್ತು ಪಾಸ್‌ಬುಕ್ ಫೋಟೊ. ಈ ಫೋಟೊಗಳು ಹುಡುಗರ ಮೊಬೈಲಿನ ಗ್ಯಾಲರಿಯಲ್ಲೇ ಜಾಸ್ತಿ ಇರುತ್ತವೆ. ಕೆಲಸ ಮುಗಿದಿದ್ದರೆ ಅಳಿಸಿಹಾಕಿಸಿ.

ನಕಲು ಮಾಡಿ, ಕಿತ್ತಿಡಿ

ಇದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಎರಡು ಹಾರ್ಡ್‌ಡಿಸ್ಕ್ ತನ್ನಿ. ಒಂದಕ್ಕೆ ‘ಅ’, ಇನ್ನೊಂದಕ್ಕೆ ‘ಆ’ ಎಂದು ಚೀಟಿ ಅಂಟಿಸಿ. ಬುಧವಾರ ಒಂದರಲ್ಲಿ, ಶನಿವಾರ ಇನ್ನೊಂದರಲ್ಲಿ ಬ್ಯಾಕಪ್ ಮಾಡಿ. ಮುಗಿದ ಕೂಡಲೇ ಕೇಬಲ್ ಕಿತ್ತುಬಿಡಿ. ಒಂದು ಡಿಸ್ಕ್ ಅಂಗಡಿಯ ತಿಜೋರಿಯಲ್ಲಿರಲಿ, ಇನ್ನೊಂದು ಮನೆಯಲ್ಲಿರಲಿ. ಬೆಂಕಿ ಬಿದ್ದರೂ, ಕಳ್ಳತನವಾದರೂ ಒಂದು ಉಳಿಯುತ್ತದೆ ಅಲ್ವಾ?

ಗೂಗಲ್ ಡ್ರೈವ್‌ನಂಥ ಕಡೆಯೂ ಒಂದು ಪ್ರತಿ ಇಡಿ. ಆದರೆ ಅದನ್ನಷ್ಟೇ ನಂಬಬೇಡಿ. ಕಂಪ್ಯೂಟರಿನ ಫೋಲ್ಡರ್ ತಾನಾಗಿಯೇ ಸಿಂಕ್ ಆಗುತ್ತಿದ್ದರೆ, ಕೆಟ್ಟ ಫೈಲೂ ಹಾಗೇ ಮೇಲೆ ಹೋಗಿ ಕೂರುತ್ತದೆ.

ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ಬೇರೆ ಲ್ಯಾಪ್‌ಟಾಪಿನಲ್ಲಿ ತೆರೆದು, ಬ್ಯಾಕಪ್ ಮಾಡಿದ ದಿನದ ಒಂದು ಬಿಲ್ ಕಾಣುತ್ತದೆಯೇ ನೋಡಿ. ಈ ಹೆಜ್ಜೆಯನ್ನು ಬಹಳ ಜನ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ಒಳಗೆ ಬರುವ ದಾರಿಗಳು

ಎಲ್ಲರಿಗೂ ಒಂದೇ ಪಾಸ್‌ವರ್ಡ್ ಬೇಡ. ಟ್ಯಾಲಿಯಲ್ಲಿ ಒಬ್ಬೊಬ್ಬರಿಗೂ ಬೇರೆ ಯೂಸರ್ ಮಾಡಬಹುದು, ಯಾರಿಗೆ ಏನು ಕಾಣಬೇಕೆಂದು ನೀವೇ ಗೊತ್ತುಮಾಡಬಹುದು. ಕೆಲಸ ಬಿಟ್ಟು ಹೋದವರ ಯೂಸರನ್ನು ಅದೇ ದಿನ ಮುಚ್ಚಿ. ಇಮೇಲ್‌ಗೆ, ವಾಟ್ಸ್‌ಆ್ಯಪ್‌ಗೆ ಎರಡು ಹಂತದ ಪರಿಶೀಲನೆ ಹಾಕಿ. ವಾಟ್ಸ್‌ಆ್ಯಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು, ಗುರುತಿಲ್ಲದ ಕಂಪ್ಯೂಟರ್ ಇದ್ದರೆ ತೆಗೆದುಹಾಕಿ. ರಿಪೇರಿಯವರು ದೂರದಿಂದ ನೋಡಲು ಎನಿಡೆಸ್ಕ್ ಹಾಕಿ ಹೋಗಿದ್ದರೆ, ಕೆಲಸ ಮುಗಿದ ಮೇಲೆ ಅದನ್ನೂ ತೆಗೆಯಿರಿ.

ಮದುವೆ ಕರೆಯೋಲೆ, ಬ್ಯಾಂಕ್ ಕೆವೈಸಿ ಎಂದು ಬರುವ, ಮೊಬೈಲಿಗೆ ಆ್ಯಪ್ ಹಾಕುವ ಎಪಿಕೆ ಫೈಲ್ ಮುಟ್ಟಲೇಬೇಡಿ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣ ಇದಕ್ಕೆ ಹಾಕಿ’ ಎಂದು ಸೂರತ್ತಿನ ವ್ಯಾಪಾರಿಯಿಂದ ಮೇಲ್ ಬಂದರೆ, ನಿಮ್ಮ ಹತ್ತಿರ ಮೊದಲಿನಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳಿ. ಆ ಮೇಲಿನಲ್ಲಿರುವ ನಂಬರಿಗೆ ಮಾಡಬೇಡಿ.

ಅಪ್‌ಡೇಟ್ ಬಂದಾಗ ‘ಆಮೇಲೆ’ ಒತ್ತುವುದನ್ನು ಬಿಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ, ಹೀಗೇ ಬೀಗ ಹಾಕಿ ದುಡ್ಡು ಕೇಳುವ ಕುತಂತ್ರಾಂಶ ಜಗತ್ತಿನ ತುಂಬ ಕಂಪ್ಯೂಟರುಗಳನ್ನು ಕಟ್ಟಿಹಾಕಿತು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಕಂಪ್ಯೂಟರಿನಲ್ಲಿ ಯಾವುದಿದೆ, ಇವತ್ತೇ ನೋಡಿ.

ಆಗಿಬಿಟ್ಟರೆ

ನೆಟ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ. ಪರದೆಯ ಫೋಟೊ ತೆಗೆದುಕೊಳ್ಳಿ. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಿಸಬೇಡಿ, ಸಾಕ್ಷಿ ಹೋಗುತ್ತದೆ. ದುಡ್ಡನ್ನಂತೂ ಕಟ್ಟಬೇಡಿ. ಕಟ್ಟಿದರೂ ಫೈಲ್ ವಾಪಸ್ ಬರುತ್ತದೆಂಬ ಖಾತ್ರಿ ಇಲ್ಲ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಯಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೂ ದೂರು ಕೊಡಿ. ‘ನೋ ಮೋರ್ ರ‍್ಯಾನ್ಸಮ್’ ಎಂಬ ಉಚಿತ ತಾಣದಲ್ಲಿ ಕೆಲವು ಬಗೆಯ ಬೀಗಕ್ಕೆ ಕೀಲಿ ಸಿಗುತ್ತದೆ, ಅಲ್ಲಿಯೂ ಹುಡುಕಿಸಿ.

ಪಾಸ್‌ವರ್ಡ್‌ಗಳನ್ನೆಲ್ಲ ಬೇರೆ ಕಂಪ್ಯೂಟರಿನಿಂದ ಬದಲಿಸಿ. ಕೆಟ್ಟ ಕಂಪ್ಯೂಟರ್ ಪೂರ್ತಿ ಸ್ವಚ್ಛವಾಗಿದೆ ಎಂದು ತಿಳಿದವರು ಹೇಳುವವರೆಗೆ ತಿಜೋರಿಯ ಹಾರ್ಡ್‌ಡಿಸ್ಕನ್ನು ಅದಕ್ಕೆ ಸಿಕ್ಕಿಸಬೇಡಿ.