ಒಂದೇ ಹೆಸರಿನವರ ವೃತ್ತಿ ದಾಖಲೆಗಳನ್ನು ಬೇರ್ಪಡಿಸಿ ನೋಡುವ ಬಗೆ

ಕಲಬುರಗಿಯ ನ್ಯಾಯಾಲಯದ ಆವರಣದಲ್ಲಿ ನಿಂತು ಪಾಟೀಲ ವಕೀಲರು ಎಲ್ಲಿ ಸಿಗುತ್ತಾರೆ ಎಂದು ಕೇಳಿದರೆ, ಯಾವ ಪಾಟೀಲರು ಎಂಬ ಮರುಪ್ರಶ್ನೆಯೇ ಮೊದಲು ಬರುತ್ತದೆ. ಶರಣಬಸವೇಶ್ವರರ ಹೆಸರನ್ನೂ ಖಾಜಾ ಬಂದೇನವಾಜರ ಹೆಸರನ್ನೂ ಮಕ್ಕಳಿಗೆ ಭಕ್ತಿಯಿಂದ ಇಡುವ ಈ ನೆಲದಲ್ಲಿ ಒಂದೇ ಹೆಸರಿನ ಇಬ್ಬರು ವೈದ್ಯರು, ಮೂವರು ವಕೀಲರು ಇರುವುದು ಸಹಜ. ಜನರನ್ನು ಕೇಳಿದರೆ ಅವರ ಮರುಪ್ರಶ್ನೆಯೇ ನಮ್ಮನ್ನು ತಪ್ಪಿನಿಂದ ಕಾಯುತ್ತದೆ. ಜಾಲತಾಣದಲ್ಲಿ ಅವರ ವೃತ್ತಿ ದಾಖಲೆಯನ್ನು ಹುಡುಕುವಾಗ ಹಾಗೆ ಕೇಳುವವರು ಯಾರೂ ಇಲ್ಲದಿರುವುದರಿಂದ ಆ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕಾಗುತ್ತದೆ.

ಮೊದಲ ಕೆಲಸವೆಂದರೆ ಹೆಸರನ್ನು ಬದಿಗಿಟ್ಟು, ಕೈಯಲ್ಲಿರುವ ಕಾಗದವನ್ನು ನೋಡುವುದು. ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ದವಾಖಾನೆಯಲ್ಲಿ ಕಾಣುವಂತೆ ಹಾಕಬೇಕು, ಔಷಧ ಚೀಟಿ, ಪ್ರಮಾಣಪತ್ರ ಮತ್ತು ಹಣದ ರಸೀದಿಗಳ ಮೇಲೆಯೂ ನಮೂದಿಸಬೇಕು ಎಂದು ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿ ಹೇಳುತ್ತದೆ. ಸಾಮಾನ್ಯವಾಗಿ ಅದು ಚೀಟಿಯ ತಲೆಬರಹದಲ್ಲಿ ಪದವಿಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಇಲ್ಲವೇ ಸಹಿಯ ಕೆಳಗಿನ ನೀಲಿ ಮೊಹರಿನಲ್ಲಿ ಇರುತ್ತದೆ. ಮೊಹರಿನ ಮಸಿ ಹರಡಿದ್ದರೆ 3 ಮತ್ತು 8, 1 ಮತ್ತು 7 ಒಂದೇ ತೆರನಾಗಿ ಕಾಣುತ್ತವೆ. ಅಂಥ ಸಂದರ್ಭದಲ್ಲಿ ಊಹೆ ಮಾಡದೆ ರಸೀದಿಯನ್ನೋ ಹಳೆಯ ಚೀಟಿಯನ್ನೋ ಪಕ್ಕದಲ್ಲಿಟ್ಟು ಹೋಲಿಸಬೇಕು.

ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ತಾಯಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರ ಹೆಸರನ್ನಷ್ಟೇ ಹಾಕಿ ಹುಡುಕಿ, ಮೊದಲು ಕಂಡ ದಾಖಲೆಯಲ್ಲಿ ಸ್ನಾತಕೋತ್ತರ ಪದವಿ ಇಲ್ಲದ್ದನ್ನು ನೋಡಿ, ಮನೆಯವರ ಮುಂದೆ ಅವರ ಬಗ್ಗೆ ಅನುಮಾನದ ಮಾತಾಡಿದ್ದೆ. ಎರಡು ದಿನಗಳ ನಂತರ ಚೀಟಿಯಲ್ಲಿದ್ದ ಸಂಖ್ಯೆ ಹಾಕಿ ನೋಡಿದಾಗ ತಂದೆಯ ಹೆಸರು, ಪದವಿ, ವಿಶ್ವವಿದ್ಯಾಲಯ ಎಲ್ಲವೂ ಬೇರೆಯಾಗಿದ್ದವು. ಒಬ್ಬ ಒಳ್ಳೆಯ ವೈದ್ಯರಿಗೆ ಮಾಡಿದ ಆ ಅನ್ಯಾಯಕ್ಕೆ ನನಗೆ ಇಂದಿಗೂ ಬೇಸರವಿದೆ.

ಸಂಖ್ಯೆ ಸಿಕ್ಕ ಮೇಲೂ ಅದು ಯಾವ ರಾಜ್ಯದ ಪರಿಷತ್ತಿನದು ಎಂಬುದನ್ನು ಕೇಳಬೇಕು. ಪ್ರತಿ ರಾಜ್ಯ ವೈದ್ಯಕೀಯ ಪರಿಷತ್ತೂ ತನ್ನದೇ ಕ್ರಮದಲ್ಲಿ ಸಂಖ್ಯೆ ಕೊಡುವುದರಿಂದ ಒಂದೇ ಸಂಖ್ಯೆ ಎರಡು ರಾಜ್ಯಗಳಲ್ಲಿ ಇಬ್ಬರಿಗೆ ಇರಬಲ್ಲದು. ಬೀದರಿನವರಿಗೆ ಇದು ದೂರದ ಮಾತಲ್ಲ: ಅಲ್ಲಿನ ರೋಗಿಗಳು ಹೈದರಾಬಾದಿಗೂ ಹೋಗುತ್ತಾರೆ, ಲಾತೂರು, ಸೊಲ್ಲಾಪುರಗಳಿಗೂ ಹೋಗುತ್ತಾರೆ. ತೆಲಂಗಾಣ ರಚನೆಯಾದದ್ದು 2014ರಲ್ಲಿ. ಅದಕ್ಕಿಂತ ಮೊದಲು ನೋಂದಣಿಯಾದ ಹೈದರಾಬಾದಿನ ವೈದ್ಯರ ಹಳೆಯ ದಾಖಲೆ ಆಂಧ್ರಪ್ರದೇಶದ ಪರಿಷತ್ತಿನ ಹೆಸರಿನಲ್ಲಿ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ವೈದ್ಯರ ನೋಂದಣಿ ಪಟ್ಟಿಯಲ್ಲಿ ಸಂಖ್ಯೆ ಮತ್ತು ಪರಿಷತ್ತು ಎರಡನ್ನೂ ಆರಿಸಿಕೊಂಡು ಹುಡುಕಲು ಬರುತ್ತದೆ. ಆಯುರ್ವೇದ, ಯುನಾನಿ ಮತ್ತು ಹೋಮಿಯೋಪಥಿ ವೈದ್ಯರು ಈ ಪಟ್ಟಿಯಲ್ಲಿ ಇರುವುದಿಲ್ಲ. ಅವರ ಮಂಡಳಿಗಳೇ ಬೇರೆ.

ಕೈಯಲ್ಲಿ ಹೆಸರೊಂದೇ ಇದ್ದಾಗ ಕೆಲಸ ನಿಧಾನವಾಗುತ್ತದೆ. ಶರಣಬಸಪ್ಪ, ಶರಣಬಸವಪ್ಪ, ಶರಣಪ್ಪ ಎಂಬ ಮೂರೂ ರೂಪಗಳು ಒಬ್ಬರದೇ ಆಗಿರಬಹುದು, ಮೂವರದೂ ಆಗಿರಬಹುದು. ಅಡ್ಡಹೆಸರಿನಲ್ಲಿಯೂ ಇದೇ ಪಾಡು: ಶಾಲೆಯ ದಾಖಲೆಯಲ್ಲಿ ಪೊಲೀಸ್ ಪಾಟೀಲ ಅಥವಾ ಮಾಲಿ ಪಾಟೀಲ ಎಂದಿದ್ದವರು ವೃತ್ತಿಯಲ್ಲಿ ಬರೀ ಪಾಟೀಲರಾಗಿರುತ್ತಾರೆ. ಆದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬಹುದಾದ ಎಲ್ಲ ರೂಪಗಳನ್ನೂ ಹಾಕಿ ನೋಡಬೇಕು, ತಂದೆಯ ಹೆಸರಿನ ಮೊದಲಕ್ಷರವನ್ನು ಒಮ್ಮೆ ಸೇರಿಸಿ, ಒಮ್ಮೆ ಬಿಟ್ಟು ಹುಡುಕಬೇಕು.

ಇಲ್ಲಿ ನಮ್ಮ ಭಾಗದ ಇತಿಹಾಸ ತಿಳಿದಿದ್ದರೆ ಬಹಳ ಅನುಕೂಲ. ಗುಲಬರ್ಗಾ ಎಂಬ ಹೆಸರು ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಹಾಗಾಗಿ ಶಹಾಪುರದ ಒಬ್ಬರೇ ವ್ಯಕ್ತಿ ಹಳೆಯ ದಾಖಲೆಯಲ್ಲಿ ಗುಲಬರ್ಗಾ ಜಿಲ್ಲೆಯವರಾಗಿ, ಹೊಸದರಲ್ಲಿ ಯಾದಗಿರಿ ಜಿಲ್ಲೆಯವರಾಗಿ ಕಾಣಬಹುದು. ಜಿಲ್ಲೆ ಬೇರೆ ಎಂಬ ಒಂದೇ ಕಾರಣಕ್ಕೆ ಇಬ್ಬರೆಂದು ತೀರ್ಮಾನಿಸುವುದು ಸರಿಯಲ್ಲ. ಪದವಿ ಕೊಟ್ಟ ವಿಶ್ವವಿದ್ಯಾಲಯವೂ ಕಾಲವನ್ನು ಸೂಚಿಸುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಆರಂಭವಾದದ್ದು 1996ರಲ್ಲಿ. ನೀವು ಹುಡುಕುತ್ತಿರುವ ವೈದ್ಯರು ಅದಕ್ಕಿಂತ ಮೊದಲೇ ಪದವಿ ಮುಗಿಸಿ ವೃತ್ತಿಯಲ್ಲಿದ್ದರೆ, ಅವರ ಮೊದಲ ಪದವಿಯ ಮುಂದೆ ಆ ವಿಶ್ವವಿದ್ಯಾಲಯದ ಹೆಸರಿರುವ ದಾಖಲೆ ಬೇರೊಬ್ಬರದು.

ವಕೀಲರ ವಿಷಯದಲ್ಲಿ ಸನ್ನದಿನ, ಅಂದರೆ ವಕೀಲಿ ವೃತ್ತಿಯ ನೋಂದಣಿಯ, ಸಂಖ್ಯೆಯೇ ಆಧಾರ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತು ಕೊಡುವ ಈ ಸಂಖ್ಯೆಯಲ್ಲಿ ರಾಜ್ಯದ ಗುರುತು, ಕ್ರಮಸಂಖ್ಯೆ ಮತ್ತು ವರ್ಷ ಮೂರೂ ಇರುತ್ತವೆ, ಮತ್ತು ಅದನ್ನು ಸಾಮಾನ್ಯವಾಗಿ ಕಕ್ಷಿದಾರರು ವಕೀಲರಿಗೆ ಬರೆದುಕೊಡುವ ವಕಾಲತ್ತಿನಲ್ಲಿಯೇ ಕಾಣಬಹುದು. ನ್ಯಾಯಾಲಯಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರಿನಿಂದಲೂ ಪರಿಷತ್ತಿನ ಸಂಖ್ಯೆಯಿಂದಲೂ ಪ್ರಕರಣಗಳನ್ನು ಹುಡುಕಬಹುದು. ಹೆಸರಿನಿಂದ ಹುಡುಕಿದರೆ ಒಂದೇ ಹೆಸರಿನ ಹಲವರ ಪ್ರಕರಣಗಳು ಕಲಸಿಕೊಂಡು ಬರುತ್ತವೆ.

ಲೆಕ್ಕಪರಿಶೋಧಕರ ಪ್ರಮಾಣಪತ್ರವನ್ನು ಪರಿಶೀಲಿಸುವುದು ಇವೆಲ್ಲಕ್ಕಿಂತ ಸುಲಭ. 2019ರಲ್ಲಿ ಹಂತಹಂತವಾಗಿ ಕಡ್ಡಾಯವಾದ ಯುಡಿಐಎನ್ ಎಂಬುದು ಅವರು ಸಹಿ ಮಾಡುವ ಪ್ರತಿ ಪ್ರಮಾಣಪತ್ರಕ್ಕೂ ಪ್ರತ್ಯೇಕವಾಗಿರುವ 18 ಅಂಕಿ-ಅಕ್ಷರಗಳ ಗುರುತು. ಅದರ ಮೊದಲ ಎರಡು ಅಂಕಿಗಳು ವರ್ಷವನ್ನೂ ಮುಂದಿನ ಆರು ಅಂಕಿಗಳು ಆ ಲೆಕ್ಕಪರಿಶೋಧಕರ (ಸಿಎ) ಸದಸ್ಯತ್ವ ಸಂಖ್ಯೆಯನ್ನೂ ತಿಳಿಸುತ್ತವೆ. ಆ ಆರು ಅಂಕಿಗಳು ಸಹಿಯ ಕೆಳಗಿನ ಸದಸ್ಯತ್ವ ಸಂಖ್ಯೆಯೊಂದಿಗೆ ಹೊಂದದಿದ್ದರೆ ಅಲ್ಲಿಗೇ ನಿಂತು ವಿಚಾರಿಸಬೇಕು.

ಎಷ್ಟು ಹೊಂದಿದರೆ ಸಾಕು ಎಂಬ ಪ್ರಶ್ನೆಗೆ ನಾನು ಪಾಲಿಸುವ ಕ್ರಮ ಇದು: ಸಂಖ್ಯೆ ಮತ್ತು ಪರಿಷತ್ತು ಹೊಂದಿದರೆ ಒಪ್ಪುತ್ತೇನೆ, ಸಂಖ್ಯೆ ಇಲ್ಲದಿದ್ದರೆ ತಂದೆಯ ಹೆಸರು, ಪದವಿಯ ವರ್ಷ, ವಿಶ್ವವಿದ್ಯಾಲಯ ಮೂರೂ ಹೊಂದುವವರೆಗೆ ಒಪ್ಪುವುದಿಲ್ಲ. ಶಿಸ್ತುಕ್ರಮ ಅಥವಾ ಮೊಕದ್ದಮೆಯ ವಿಷಯವಾದರೆ ಸಂಖ್ಯೆ ಇಲ್ಲದೆ ಯಾರ ಹೆಸರಿಗೂ ಅದನ್ನು ಜೋಡಿಸುವುದಿಲ್ಲ, ಏಕೆಂದರೆ ಅದೇ ಹೆಸರಿನ ನಿರಪರಾಧಿಯ ಅನ್ನಕ್ಕೆ ಅದು ಕಲ್ಲು ಹಾಕುತ್ತದೆ. ಹೆಚ್ಚುವರಿ ಪದವಿಯನ್ನು ವೈದ್ಯರು ಪ್ರತ್ಯೇಕವಾಗಿ ನೋಂದಾಯಿಸಬೇಕಾಗಿರುವುದರಿಂದ ಪಟ್ಟಿಯಲ್ಲಿ ಅದು ಇಲ್ಲ ಎಂದ ಮಾತ್ರಕ್ಕೆ ಪದವಿಯೇ ಸುಳ್ಳು ಎಂದು ಹೇಳಲಾಗದು. ಸಂಶಯ ಉಳಿದರೆ ವೈದ್ಯರನ್ನೇ ವಿನಯದಿಂದ ಕೇಳಬಹುದು: ‘ಡಾಕ್ಟ್ರೇ, ವಿಮೆಯ ಕಾಗದಕ್ಕೆ ನಿಮ್ಮ ನೋಂದಣಿ ಸಂಖ್ಯೆ ಬೇಕಾಗಿತ್ತು, ಬರೆದುಕೊಡುತ್ತೀರಾ?’ ನಾನು ಹೀಗೆ ಕೇಳಿದಾಗ ಯಾರೂ ಬೇಸರಪಟ್ಟಿಲ್ಲ; ಒಬ್ಬರಂತೂ ತಮ್ಮ ಹೆಸರಿನವರು ಇನ್ನೊಬ್ಬರಿದ್ದಾರೆಂದು ತಾವೇ ಹೇಳಿ, ಸಂಖ್ಯೆಯ ಮುಂದೆ ವರ್ಷವನ್ನೂ ಬರೆದುಕೊಟ್ಟರು.